ಹೊಸ ಡೆಸ್ಕ್‌ಟಾಪ್‌ ಅನ್ನು ನೀವೇ ಅಪ್‌ಗ್ರೇಡ್ ಮಾಡಬೇಕಾ? ಸ್ಕ್ರೂಡ್ರೈವರ್ ಹಿಡಿಯುವ ಮುಂಚೆ ನೋಡಬೇಕಾದ್ದು

ಬ್ರ್ಯಾಂಡೆಡ್ ಡೆಸ್ಕ್‌ಟಾಪ್ ತಗೊಳ್ಳಲು ಹೋದವರ ಕಿವಿಗೆ ಈ ಮಾತು ಬಿದ್ದೇ ಬೀಳುತ್ತದೆ: "8 ಜಿಬಿದೇ ತಗೊಳ್ಳಿ ಸಾರ್, ಬೇಕಾದ್ರೆ ಆಮೇಲೆ ರ‍್ಯಾಮ್ ಹಾಕ್ಸಿದ್ರಾಯ್ತು." ಬಹಳ ವರ್ಷ ಇದು ಒಳ್ಳೆಯ ಸಲಹೆಯೇ ಆಗಿತ್ತು. 8ರಿಂದ 16 ಜಿಬಿಗೆ ಏರಿಸಲು ಕಂಪನಿ ಕೇಳುವ ಹಣಕ್ಕಿಂತ ಬೆಂಗಳೂರಿನ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಅದೇ ಅಳತೆಯ ರ‍್ಯಾಮ್ ಸ್ಟಿಕ್ (ಕೆಲಸದ ಹೊತ್ತಿನಲ್ಲಿ ಯಂತ್ರ ಮಾಹಿತಿ ಇಟ್ಟುಕೊಳ್ಳುವ ಮೆಮೊರಿಯ ಪಟ್ಟಿ) ಅಗ್ಗಕ್ಕೆ ಸಿಗುತ್ತಿತ್ತು. 2025ರ ಕೊನೆಯ ಹೊತ್ತಿಗೆ ಈ ಲೆಕ್ಕ ತಿರುಗಿಬಿತ್ತು. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಸಗಟಾಗಿ ಬಾಚಿಕೊಳ್ಳತೊಡಗಿದವು. ಬಿಡಿ ರ‍್ಯಾಮ್ ಬೆಲೆ ಜಿಗಿಯಿತು. ಮನೆ ಬಳಕೆಯವರಿಗೆ ಚೆನ್ನಾಗಿ ಗೊತ್ತಿದ್ದ ತನ್ನ ಕ್ರೂಶಿಯಲ್ ಮೆಮೊರಿ ಬ್ರ್ಯಾಂಡನ್ನೇ ಮುಚ್ಚುವುದಾಗಿ ಚಿಪ್ ತಯಾರಕ ಮೈಕ್ರಾನ್ ಕಂಪನಿ 2025ರ ಡಿಸೆಂಬರ್‌ನಲ್ಲಿ ಹೇಳಿತು.

ಹಾಗಂತ ನೀವೇ ಅಪ್‌ಗ್ರೇಡ್ ಮಾಡುವುದು ದಂಡ ಅಂತ ಅಲ್ಲ. ರ‍್ಯಾಮ್ ಹಾಕುವುದು ಹತ್ತು ನಿಮಿಷದ ಕೆಲಸ. ಕೈಗೆ ಅದು ಕಷ್ಟವಲ್ಲ. ಹಾಕಬೇಕಾ, ಏನನ್ನು ಹಾಕಬೇಕು, ಹೆಚ್ಚುಕಡಿಮೆಯಾದರೆ ಯಾರ ತಲೆ ಮೇಲೆ ಬರುತ್ತದೆ, ಇದನ್ನು ತೀರ್ಮಾನಿಸುವುದೇ ಕಷ್ಟ. ಹಾಗಾಗಿ ಇಲ್ಲಿ ತೀರ್ಮಾನದ ಹಂತಗಳು ಜಾಸ್ತಿ, ಸ್ಕ್ರೂ ಬಿಚ್ಚುವ ಹಂತಗಳು ಕಡಿಮೆ.

ಹಂತ 1: ಇನ್ನೂ ಕೊಂಡಿಲ್ಲವಾದರೆ, ಮೂರು ಬೆಲೆ ಕೇಳಿ

ಒಂದು, ಕಂಪನಿಯೇ 16 ಜಿಬಿ ಹಾಕಿ ಕೊಡುವ ಮಾಡೆಲ್‌ನ ಬೆಲೆ. ಎರಡು, 8 ಜಿಬಿ ಮಾಡೆಲ್‌ ಜೊತೆಗೆ ನೀವು ಬೇರೆಯಾಗಿ ಕೊಳ್ಳುವ 8 ಜಿಬಿ ಸ್ಟಿಕ್‌ನ ಬೆಲೆ. ಮೂರು, ಅದನ್ನೇ ಅಂಗಡಿಯವರು ಹಾಕಿಕೊಟ್ಟರೆ ಆಗುವ ಒಟ್ಟು ಖರ್ಚು. ಮೂರನ್ನೂ ಒಂದೇ ದಿನ ಕೇಳಿ, ಯಾಕಂದರೆ ಮೆಮೊರಿ ಬೆಲೆ ವಾರದೊಳಗೇ ಬದಲಾಗಬಹುದು. ಹಳೆಯ ಯೂಟ್ಯೂಬ್ ವಿಡಿಯೊದಲ್ಲಿ ಹೇಳಿದ ಬೆಲೆಯನ್ನು ತಲೆಯಲ್ಲಿಟ್ಟುಕೊಂಡು ಹೋಗಬೇಡಿ.

ಮೊದಲನೆಯದಕ್ಕೂ ಎರಡನೆಯದಕ್ಕೂ ವ್ಯತ್ಯಾಸ ಸಣ್ಣದಾಗಿದ್ದರೆ ಕಣ್ಣು ಮುಚ್ಚಿ ಕಂಪನಿಯದ್ದನ್ನೇ ತಗೊಳ್ಳಿ. ಇಡೀ ಯಂತ್ರಕ್ಕೆ ಒಂದೇ ಬಿಲ್ಲು, ಒಂದೇ ವಾರಂಟಿ. ಕೆಟ್ಟರೆ ಒಬ್ಬರಿಗೇ ಫೋನ್ ಮಾಡಿದರೆ ಸಾಕು. ರ‍್ಯಾಮ್‌ನವರು ಮದರ್‌ಬೋರ್ಡ್ ಕಡೆ ಕೈ ತೋರಿಸುವುದು, ಮದರ್‌ಬೋರ್ಡಿನವರು ರ‍್ಯಾಮ್ ಕಡೆ ಕೈ ತೋರಿಸುವುದು, ಆ ತಲೆನೋವೇ ಇರುವುದಿಲ್ಲ. ಈ ನೆಮ್ಮದಿಗೂ ಒಂದು ಬೆಲೆ ಇದೆ. ಅದೆಷ್ಟು ಅಂತ ನೀವೇ ಹಾಕಿಕೊಳ್ಳಬೇಕು.

ಆಲ್ ಇನ್ ಒನ್ ಯಂತ್ರವೋ ಮ್ಯಾಕ್ ಮಿನಿಯೋ ಮನಸ್ಸಿನಲ್ಲಿದ್ದರೆ ಯೋಚನೆಯ ದಾರಿಯೇ ಬೇರೆ. ಆ್ಯಪಲ್‌ನ ಎಂ ಸರಣಿಯ ಚಿಪ್‌ಗಳಲ್ಲಿ ಮೆಮೊರಿ ಪ್ರೊಸೆಸರ್ ಜೊತೆಗೇ ಕೂತಿರುತ್ತದೆ. ಆಮೇಲೆ ಸೇರಿಸುವ ಮಾತೇ ಇಲ್ಲ. ಆಲ್ ಇನ್ ಒನ್‌ಗಳಲ್ಲಿ ಕೆಲವಕ್ಕೆ ಹಿಂದಿನಿಂದ ರ‍್ಯಾಮ್ ಹಾಕಬಹುದು, ಕೆಲವನ್ನು ಬಿಚ್ಚಲು ಪರದೆಯನ್ನೇ ಎಬ್ಬಿಸಬೇಕು. ಪರದೆ ಎಬ್ಬಿಸುವ ಕೆಲಸ ಮನೆಯಲ್ಲಿ ಬೇಡ. ಇಂಥವನ್ನು ಕೊಳ್ಳುವಾಗಲೇ ಬೇಕಾದಷ್ಟು ಮೆಮೊರಿಯೊಂದಿಗೆ ಕೊಳ್ಳಿ. ಇನ್ನು ಮುಂದೆ ಹೇಳುವುದೆಲ್ಲ ಮಾಮೂಲಿ ಕ್ಯಾಬಿನೆಟ್ ಇರುವ ವಿಂಡೋಸ್ ಡೆಸ್ಕ್‌ಟಾಪ್ ಬಗ್ಗೆ.

ಹಂತ 2: ಕೊಂಡ ಮೇಲೆ ಮೊದಲು ಸುಮ್ನೆ ಬಳಸಿ

ಡಬ್ಬಿ ಒಡೆದ ದಿನವೇ ಕ್ಯಾಬಿನೆಟ್ ಬಿಚ್ಚುವವರಿದ್ದಾರೆ. ದಯವಿಟ್ಟು ಬೇಡ. ಅಂಗಡಿ ಅಥವಾ ಆನ್‌ಲೈನ್ ತಾಣ ಬದಲಿಸಿಕೊಡುವ ಅವಧಿ ಎಷ್ಟು ದಿನ ಅಂತ ಬಿಲ್ಲಿನಲ್ಲಿ ನೋಡಿ. ಅದು ಮುಗಿಯುವವರೆಗೆ ಯಂತ್ರ ಬಂದ ಹಾಗೆಯೇ ಇರಲಿ. ಹುಟ್ಟಿನಿಂದಲೇ ದೋಷವಿರುವ ಎಸ್‌ಎಸ್‌ಡಿ (ಫೈಲ್‌ಗಳನ್ನು ಇಡುವ ವೇಗದ ಡ್ರೈವ್), ಸದ್ದು ಮಾಡುವ ಫ್ಯಾನು, ಸತ್ತ ಯುಎಸ್‌ಬಿ ಪೋರ್ಟು ಇವೆಲ್ಲ ಸಾಮಾನ್ಯವಾಗಿ ಆರಂಭದಲ್ಲೇ ಗೊತ್ತಾಗುತ್ತವೆ. ನೀವು ಒಳಗೆ ಕೈ ಹಾಕಿದ ಮೇಲೆ ಗೊತ್ತಾದರೆ ದೋಷ ಯಾರದು ಅನ್ನುವ ವಾದ ಶುರುವಾಗುತ್ತದೆ.

ಈ ದಿನಗಳಲ್ಲಿ ಎಲ್ಲಾ ಪೋರ್ಟುಗಳಿಗೂ ಪೆನ್‌ಡ್ರೈವ್ ಹಾಕಿ ನೋಡಿ. ನಿಮ್ಮ ನಿಜವಾದ ಕೆಲಸವನ್ನೇ ಮಾಡಿ. ಕಂಪನಿ ಸುಮ್ನೆ ತುಂಬಿ ಕಳಿಸಿದ ಟ್ರಯಲ್ ಆ್ಯಂಟಿವೈರಸ್ಸು, ಬೇಡದ ಆಟಗಳು, ತಾನಾಗಿ ಶುರುವಾಗುವ ಆ್ಯಪ್‌ಗಳನ್ನು ತೆಗೆಯಿರಿ. ಟ್ರಯಲ್ ಆ್ಯಂಟಿವೈರಸ್ ತೆಗೆದರೆ ವಿಂಡೋಸ್‌ನದೇ ಡಿಫೆಂಡರ್ ಆ ಜಾಗ ವಹಿಸಿಕೊಳ್ಳುತ್ತದೆ, ಚಿಂತೆ ಬೇಡ. ಎಷ್ಟೋ ಹೊಸ ಯಂತ್ರಗಳ ನಿಧಾನ ಇಷ್ಟರಲ್ಲೇ ಹೋಗಿಬಿಡುತ್ತದೆ. ಒಂದು ಪೈಸೆ ಖರ್ಚಿಲ್ಲ.

ಹಂತ 3: ಎಲ್ಲಿ ಕಟ್ಟಿಕೊಂಡಿದೆ ಅಂತ ನೋಡಿ

ತೀರ್ಮಾನದ ಮುಕ್ಕಾಲು ಪಾಲು ಈ ಹಂತದಲ್ಲೇ ಆಗುತ್ತದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್ ಪುಟಕ್ಕೆ ಹೋಗಿ. ಈಗ ನಿಮಗೆ ನಿಧಾನ ಅನ್ನಿಸುವ ಕೆಲಸವನ್ನೇ ಮಾಡುತ್ತಾ ನಾಲ್ಕು ಗೆರೆಗಳನ್ನು ನೋಡಿ: ಸಿಪಿಯು (ಪ್ರೊಸೆಸರ್), ಮೆಮೊರಿ, ಡಿಸ್ಕ್, ಜಿಪಿಯು (ಗ್ರಾಫಿಕ್ಸ್).

ಮೆಮೊರಿ ಶೇ. 85–90ರಿಂದ ಕೆಳಗೆ ಇಳಿಯದೆ, ಒಂದು ಕಿಟಕಿಯಿಂದ ಇನ್ನೊಂದಕ್ಕೆ ಹೋದಾಗಲೆಲ್ಲ ಡಿಸ್ಕ್ ಗೆರೆ ಜಿಗಿಯುತ್ತಿದ್ದರೆ ರ‍್ಯಾಮ್ ಸಾಲುತ್ತಿಲ್ಲ ಅಂತ ಅರ್ಥ. ಜಾಗ ಸಾಲದೆ ವಿಂಡೋಸ್ ಮೆಮೊರಿಯಲ್ಲಿರುವುದನ್ನು ಡಿಸ್ಕಿಗೆ ಇಳಿಸುತ್ತಾ, ಮತ್ತೆ ಎತ್ತುತ್ತಾ ಇರುತ್ತದೆ. ಸಿಪಿಯು ನೂರಕ್ಕೆ ನೂರು ಇದ್ದು ಮೆಮೊರಿ ಅರ್ಧ ಖಾಲಿ ಇದೆಯಾ? ಹಾಗಾದರೆ ಎಷ್ಟು ರ‍್ಯಾಮ್ ಸುರಿದರೂ ಏನೂ ಆಗದು. ನಾಲ್ಕೂ ಗೆರೆ ತಣ್ಣಗಿದ್ದು ವೆಬ್ ಪುಟ ಮಾತ್ರ ನಿಧಾನವಾ? ತೊಂದರೆ ಬಹುಶಃ ವೈಫೈನದು. ರೂಟರ್ ಹಾಲ್‌ನಲ್ಲಿ, ಡೆಸ್ಕ್‌ಟಾಪ್ ಒಳಕೋಣೆಯಲ್ಲಿ ಇರುವ ಮನೆಗಳಲ್ಲಿ ಇದೇ ಕಥೆ. ಒಂದು ಉದ್ದದ ಲ್ಯಾನ್ ಕೇಬಲ್ ಎಳೆದುಬಿಡಿ.

ಇನ್ನು ಯಾರಿಗೆ ಎಷ್ಟು ಬೇಕು? ಟ್ಯಾಲಿ, ಎಕ್ಸೆಲ್, ಜೊತೆಗೆ ಬ್ರೌಸರ್‌ನಲ್ಲಿ ಜಿಎಸ್‌ಟಿ ಪೋರ್ಟಲ್ ತೆರೆದಿಡುವ ಲೆಕ್ಕದವರಿಗೆ 8 ಜಿಬಿಯಲ್ಲಿ ಕೆಲಸ ಸಾಗುತ್ತದೆ, ಬ್ರೌಸರ್‌ನಲ್ಲಿ ಮೂವತ್ತು ಟ್ಯಾಬ್ ಇಡದಿದ್ದರೆ. ನುಡಿಯೋ ಬರಹವೋ ಬಳಸಿ ಆಮಂತ್ರಣ ಪತ್ರಿಕೆ ಮಾಡುವ ಡಿಟಿಪಿ ಅಂಗಡಿಗೂ ಅಷ್ಟೇ. ಆದರೆ ಮದುವೆ ಆಲ್ಬಮ್ ಡಿಸೈನ್ ಮಾಡುವವರನ್ನು ನೋಡಿ. ಫೋಟೊಶಾಪ್‌ನಲ್ಲಿ ಅಗಲದ ಆಲ್ಬಮ್ ಹಾಳೆ, ಅದರ ಮೇಲೆ ಹತ್ತಾರು ಫೋಟೊ, ಪ್ರತಿಯೊಂದಕ್ಕೂ ಲೇಯರ್. ಅಲ್ಲಿ 8 ಜಿಬಿ ಬೆಳಗಿನ ಕಾಫಿಗೆ ಮುಂಚೆಯೇ ಮುಗಿದಿರುತ್ತದೆ. 16 ಬೇಕೇ ಬೇಕು, 32 ಇದ್ದರೆ ಆರಾಮ. ವಿಡಿಯೊ ಎಡಿಟಿಂಗ್‌ಗೂ ಹಾಗೆಯೇ. ಗೇಮ್ ಆಡುವವರಿಗೆ ಮೊದಲು ಕೈಕೊಡುವುದು ಗ್ರಾಫಿಕ್ಸ್. ಅದರ ಮಾತು ಆಮೇಲೆ.

ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರ ತನ್ನ ಚಿತ್ರದ ಕೆಲಸಕ್ಕೂ ಇದೇ ರ‍್ಯಾಮ್‌ನಿಂದ ಪಾಲು ತೆಗೆದುಕೊಳ್ಳುತ್ತದೆ. ಡಬ್ಬಿಯ ಮೇಲೆ 8 ಅಂತ ಇದ್ದರೂ ನಿಮ್ಮ ಕೈಗೆ ಸಿಗುವುದು ಅದಕ್ಕಿಂತ ಕಡಿಮೆಯೇ.

ಹಂತ 4: ಒಳಗೆ ಏನಿದೆ ಅಂತ ಬಿಚ್ಚದೆಯೇ ತಿಳಿಯಿರಿ

ಅದೇ ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದ ಕೆಳಗೆ ಸಣ್ಣಕ್ಷರದ ಮಾಹಿತಿ ಇರುತ್ತದೆ. ಸ್ಲಾಟ್ಸ್ ಯೂಸ್ಡ್ ಎಂಬ ಸಾಲಿನಲ್ಲಿ 1 ಆಫ್ 2 ಅಂತ ಇದ್ದರೆ ಒಂದು ಸ್ಲಾಟ್ ಖಾಲಿ ಇದೆ. ಸ್ಪೀಡ್ ಸಾಲಿನಲ್ಲಿ 2666 ಅಥವಾ 3200 ಇದ್ದರೆ ಬಹುತೇಕ ಡಿಡಿಆರ್4 ಎಂಬ ಹಿಂದಿನ ತಲೆಮಾರಿನ ರ‍್ಯಾಮ್. 4800 ಅಥವಾ 5600 ಇದ್ದರೆ ಅದರ ಮುಂದಿನ ತಲೆಮಾರಿನ ಡಿಡಿಆರ್5. ಫಾರ್ಮ್ ಫ್ಯಾಕ್ಟರ್ ಸಾಲಿನಲ್ಲಿ ಡಿಮ್ ಅಂತಿದ್ದರೆ ಉದ್ದದ ಡೆಸ್ಕ್‌ಟಾಪ್ ಸ್ಟಿಕ್. ಎಸ್‌ಒ ಡಿಮ್ ಅಂತಿದ್ದರೆ ಲ್ಯಾಪ್‌ಟಾಪ್‌ನಲ್ಲಿ ಹಾಕುವ ಗಿಡ್ಡ ಸ್ಟಿಕ್. ಪುಟ್ಟ ಡಬ್ಬಿಯಂಥ ಮಿನಿ ಡೆಸ್ಕ್‌ಟಾಪ್‌ಗಳಲ್ಲಿ ಗಿಡ್ಡದ್ದೇ ಜಾಸ್ತಿ.

ಡಿಡಿಆರ್4, ಡಿಡಿಆರ್5 ಎರಡರ ಉದ್ದದ ಸ್ಟಿಕ್ಕಿಗೂ 288 ಪಿನ್ನುಗಳೇ. ನೋಡಲು ಅಕ್ಕತಂಗಿಯರ ಹಾಗಿವೆ. ಆದರೆ ನಡುವಿನ ಕಚ್ಚು ಬೇರೆ ಜಾಗದಲ್ಲಿದೆ. ಒಂದರ ಸ್ಲಾಟಿನಲ್ಲಿ ಇನ್ನೊಂದು ಕೂರುವುದಿಲ್ಲ, ಒತ್ತಿ ಕೂರಿಸಲು ಹೋದರೆ ಸ್ಲಾಟ್ ಒಡೆಯುತ್ತದೆ.

ಆಮೇಲೆ ನಿಮ್ಮ ಮಾಡೆಲ್‌ನ ಸರ್ವಿಸ್ ಮ್ಯಾನ್ಯುಯಲ್ ಹುಡುಕಿ. ಡೆಲ್, ಎಚ್‌ಪಿ, ಲೆನೊವೊ ಮೂರೂ ತಮ್ಮ ಸಪೋರ್ಟ್ ತಾಣದಲ್ಲಿ ಇವನ್ನು ಪುಕ್ಕಟೆ ಇಟ್ಟಿವೆ. ಡಬ್ಬಿಯ ಜೊತೆ ಬರುವ ನಾಲ್ಕು ಚಿತ್ರದ ಹಾಳೆಯಲ್ಲ, ಹತ್ತಾರು ಪುಟಗಳ ವಿವರವಾದ ಪಿಡಿಎಫ್. ಯಾವ ಸ್ಕ್ರೂ ಎಲ್ಲಿದೆ, ಯಾವ ಕೊಕ್ಕೆಯನ್ನು ಯಾವ ಕಡೆಗೆ ತಳ್ಳಬೇಕು ಅಂತ ಚಿತ್ರ ಸಮೇತ ಇರುತ್ತದೆ. ಅದರಲ್ಲಿ ನಾಲ್ಕು ಉತ್ತರ ಹುಡುಕಿ ಬರೆದುಕೊಳ್ಳಿ. ರ‍್ಯಾಮ್ ಗರಿಷ್ಠ ಎಷ್ಟು ಜಿಬಿ? ಎಸ್‌ಎಸ್‌ಡಿ ಹಾಕುವ ಎಂ.2 ಸ್ಲಾಟ್ ಎಷ್ಟು? ಎಸ್‌ಎಂಪಿಎಸ್ (ಯಂತ್ರಕ್ಕೆ ಕರೆಂಟ್ ಕೊಡುವ ಡಬ್ಬಿ) ಎಷ್ಟು ವ್ಯಾಟ್? ಕ್ಯಾಬಿನೆಟ್‌ನಲ್ಲಿ ಪೂರ್ತಿ ಎತ್ತರದ ಗ್ರಾಫಿಕ್ಸ್ ಕಾರ್ಡ್ ಹಿಡಿಸುತ್ತದಾ ಇಲ್ಲವಾ? ಮ್ಯಾನ್ಯುಯಲ್ ಸಿಗದ ಮಾಡೆಲ್ ಆದರೆ ಅದನ್ನು ನೀವೇ ಬಿಚ್ಚುವ ಯೋಚನೆ ಬಿಡಿ ಅಂತಲೇ ನನ್ನ ಸಲಹೆ.

ಹಂತ 5: ಒಂದೊಂದು ಭಾಗಕ್ಕೂ ಬೇರೆ ಬೇರೆ ತೀರ್ಪು

ರ‍್ಯಾಮ್: ನೀವೇ ಹಾಕಬಹುದು. ಅನುಮಾನವೇ ಬೇಡ. ಒಂದು ಸ್ಟಿಕ್ ಇರುವ ಕಡೆ ಎರಡನೆಯದು ಬಂದರೆ ಜಾಗವಷ್ಟೇ ಹೆಚ್ಚುವುದಿಲ್ಲ, ಎರಡು ದಾರಿಯಲ್ಲಿ ಮಾಹಿತಿ ಓಡುತ್ತದೆ. ಇದನ್ನು ಡ್ಯುಯಲ್ ಚಾನಲ್ ಅನ್ನುತ್ತಾರೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರಗಳಿಗೆ ಇದರಿಂದ ಸಿಗುವ ಲಾಭ ಎದ್ದು ಕಾಣುತ್ತದೆ.

ಕೊಳ್ಳುವಾಗ ಮಾತ್ರ ಒಂದು ಬಲೆ ಇದೆ. ಅಂಗಡಿಯಲ್ಲಿ ಬಣ್ಣದ ದೀಪ ಮಿನುಗುವ 3600ರ ಗೇಮಿಂಗ್ ರ‍್ಯಾಮ್ ತೋರಿಸುತ್ತಾರೆ. ಅದು 3600ಕ್ಕೆ ಓಡಬೇಕಾದರೆ ಯಂತ್ರ ಶುರುವಾಗುವಾಗಲೇ ಓಡುವ ಮೂಲ ಸಾಫ್ಟ್‌ವೇರ್ ಆದ ಬಯಾಸ್‌ನಲ್ಲಿ ಎಕ್ಸ್‌ಎಂಪಿ ಎಂಬ ಸೆಟ್ಟಿಂಗ್ ಆನ್ ಮಾಡಬೇಕು. ಬ್ರ್ಯಾಂಡೆಡ್ ಆಫೀಸ್ ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಆ ಸೆಟ್ಟಿಂಗೇ ಇರುವುದಿಲ್ಲ. ಆಗ ಆ ದುಬಾರಿ ಸ್ಟಿಕ್ 2400ಕ್ಕೋ 2666ಕ್ಕೋ ಇಳಿದು ಕೂರುತ್ತದೆ, ಜೊತೆಗಿರುವ ಹಳೆಯ 3200ರ ಸ್ಟಿಕ್ಕನ್ನೂ ಕೆಳಗೆ ಎಳೆಯುತ್ತದೆ. ಹೆಚ್ಚು ದುಡ್ಡು ಕೊಟ್ಟು ವೇಗ ಕಡಿಮೆ ಮಾಡಿಕೊಂಡ ಹಾಗಾಯ್ತು, ಅಲ್ವಾ? ನಿಮ್ಮ ಯಂತ್ರದಲ್ಲಿ ಈಗಿರುವ ವೇಗದ, ಅಲಂಕಾರವಿಲ್ಲದ ಹಸಿರು ಪಟ್ಟಿಯ ಸಾದಾ ಸ್ಟಿಕ್ ಕೇಳಿ. 1.2 ವೋಲ್ಟ್‌ನ ಡಿಡಿಆರ್4 ಅಥವಾ 1.1 ವೋಲ್ಟ್‌ನ ಡಿಡಿಆರ್5 ಅಂತ ಲೇಬಲ್ ಮೇಲೆ ಇರಬೇಕು.

ಸ್ಲಾಟ್ ಎರಡೇ ಇದ್ದು, ಮುಂದೆ 32 ಬೇಕಾಗಬಹುದು ಅನ್ನಿಸಿದರೆ ಈಗ 8ರ ಸ್ಟಿಕ್ ಕೊಳ್ಳಬೇಡಿ. 16ರದ್ದು ಒಂದು ಕೊಳ್ಳಿ. 8 ಮತ್ತು 16 ಒಟ್ಟಿಗೆ ಕೆಲಸ ಮಾಡುತ್ತವೆ, ಡ್ಯುಯಲ್ ಚಾನಲ್ ಲಾಭ ಸ್ವಲ್ಪ ಭಾಗಕ್ಕೆ ಮಾತ್ರ ಸಿಗುತ್ತದೆ ಅಷ್ಟೇ. ನಾಳೆ 8ನ್ನು ತೆಗೆದು ಇನ್ನೊಂದು 16 ಹಾಕಿದರಾಯ್ತು.

ಎಸ್‌ಎಸ್‌ಡಿ: ಎರಡನೇ ಎಂ.2 ಸ್ಲಾಟ್ ಖಾಲಿ ಇದ್ದರೆ ನೀವೇ ಹಾಕಿ, ರ‍್ಯಾಮ್‌ನಷ್ಟೇ ಸುಲಭ. ಇರುವುದು ಒಂದೇ ಸ್ಲಾಟ್ ಆಗಿದ್ದರೆ ಕೆಲಸ ದೊಡ್ಡದು. ಹಳೆಯದರಲ್ಲಿರುವ ವಿಂಡೋಸ್ ಸಮೇತ ಎಲ್ಲವನ್ನೂ ಹೊಸದಕ್ಕೆ ನಕಲು ಮಾಡಬೇಕು. ಅದಕ್ಕೆ ಹೊಸ ಡ್ರೈವ್ ಕೂರಿಸಲು ಯುಎಸ್‌ಬಿ ಎನ್‌ಕ್ಲೋಶರ್ ಬೇಕು, ನಕಲು ಮಾಡುವ ಸಾಫ್ಟ್‌ವೇರ್ ಬೇಕು, ತಾಳ್ಮೆಯೂ ಬೇಕು. ಫೋಟೊ, ವಿಡಿಯೊ ಇಡಲಷ್ಟೇ ಜಾಗ ಬೇಕಿದ್ದರೆ ಇದೆಲ್ಲ ಯಾಕೆ? ಒಂದು ಎಕ್ಸ್‌ಟರ್ನಲ್ ಡ್ರೈವ್ ಹಾಕಿಕೊಳ್ಳಿ.

ವೇಗದ ವಿಷಯದಲ್ಲಿ ಅಂಕಿ ನೋಡಿ ಮರುಳಾಗಬೇಡಿ. ಮಾಮೂಲಿ ಹಾರ್ಡ್ ಡಿಸ್ಕ್ ಸೆಕೆಂಡಿಗೆ 100ರಿಂದ 200 ಎಂಬಿ ಓದುತ್ತದೆ. ಹಳೆಯ ಬಗೆಯ ಸಾಟಾ ಎಸ್‌ಎಸ್‌ಡಿ ಸುಮಾರು 550. ಮೂರನೇ ತಲೆಮಾರಿನ ಎನ್‌ವಿಎಂಇ ಎಸ್‌ಎಸ್‌ಡಿ (ಇನ್ನೂ ವೇಗದ ಬಗೆ) 3500ರ ಹತ್ತಿರ, ನಾಲ್ಕನೆಯದು 7000ದ ಹತ್ತಿರ. ಹಾರ್ಡ್ ಡಿಸ್ಕಿನಿಂದ ಯಾವುದೇ ಎಸ್‌ಎಸ್‌ಡಿಗೆ ಬಂದರೂ ಯಂತ್ರಕ್ಕೆ ಹೊಸ ಜೀವ ಬಂದಂತಾಗುತ್ತದೆ. 3500ರಿಂದ 7000ಕ್ಕೆ ಹೋದದ್ದು ದಿನದ ಕೆಲಸದಲ್ಲಿ ಗೊತ್ತೇ ಆಗದು. ನಿಮ್ಮ ಹೊಸ ಡೆಸ್ಕ್‌ಟಾಪ್‌ನಲ್ಲಿ ಈಗಾಗಲೇ ಎನ್‌ವಿಎಂಇ ಇದ್ದರೆ ವೇಗಕ್ಕಾಗಿ ಅದನ್ನು ಬದಲಿಸುವುದು ದಂಡ.

ಗ್ರಾಫಿಕ್ಸ್ ಕಾರ್ಡ್: ಇಲ್ಲಿ ಕೈ ಹಾಕುವ ಮುಂಚೆ ಎಸ್‌ಎಂಪಿಎಸ್ ಮೇಲಿನ ಸ್ಟಿಕ್ಕರ್ ಓದಬೇಕು. ಸಣ್ಣ ಬ್ರ್ಯಾಂಡೆಡ್ ಡೆಸ್ಕ್‌ಟಾಪ್‌ಗಳಲ್ಲಿ ಅದು 180 ಅಥವಾ 200 ವ್ಯಾಟ್ ಆಸುಪಾಸಿನದ್ದಾಗಿರುವುದು ಸಾಮಾನ್ಯ. ಮದರ್‌ಬೋರ್ಡಿನ ಪಿಸಿಐಇ ಸ್ಲಾಟ್ (ಕಾರ್ಡ್ ಕೂರುವ ಜಾಗ) ತಾನಾಗಿ ಕೊಡಬಲ್ಲದ್ದು ಹೆಚ್ಚೆಂದರೆ 75 ವ್ಯಾಟ್. ಅದಕ್ಕಿಂತ ಹೆಚ್ಚು ಬೇಡುವ ಕಾರ್ಡಿಗೆ ಎಸ್‌ಎಂಪಿಎಸ್‌ನಿಂದ ಬೇರೆ ವೈರ್ ಬರಬೇಕು, ಇಂಥ ಯಂತ್ರಗಳಲ್ಲಿ ಆ ವೈರ್ ಇರುವುದೇ ಇಲ್ಲ. ಹಾಗಾಗಿ 70 ವ್ಯಾಟ್‌ನ ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿ, 53 ವ್ಯಾಟ್‌ನ ಆರ್‌ಎಕ್ಸ್ 6400 ಇಂಥವಕ್ಕೆ ಮಾತ್ರ ಅವಕಾಶ. 3050ರ 8 ಜಿಬಿ ಕಾರ್ಡಿಗೆ ಬೇರೆ ವೈರ್ ಬೇಕು, ಹೆಸರು ಒಂದೇ ಅಂತ ಮೋಸ ಹೋಗಬೇಡಿ. ತೆಳ್ಳನೆಯ ಕ್ಯಾಬಿನೆಟ್ ಆಗಿದ್ದರೆ ಲೋ ಪ್ರೊಫೈಲ್ ಕಾರ್ಡ್ ಅಂತ ಕೇಳಿ, ಜೊತೆಗೆ ಗಿಡ್ಡ ಬ್ರ್ಯಾಕೆಟ್ ಇದೆಯಾ ಅಂತ ಡಬ್ಬಿ ತೆರೆಸಿ ನೋಡಿ.

ಮನೆಯಲ್ಲಿ 600 ವಿಎ ಯುಪಿಎಸ್ ಇದೆಯಾ? ಅದು ನಿಜವಾಗಿ ಹೊರುವುದು 360 ವ್ಯಾಟ್ ಆಸುಪಾಸು. ಸಣ್ಣ ಕಾರ್ಡ್ ಹಾಕಿದರೆ ಯುಪಿಎಸ್ ತಡೆಯುತ್ತದೆ, ಆದರೆ ಕರೆಂಟ್ ಹೋದಾಗ ಸಿಗುವ ನಿಮಿಷಗಳು ಇಳಿಯುತ್ತವೆ. ಫೈಲ್ ಸೇವ್ ಮಾಡಿ ಯಂತ್ರ ಆಫ್ ಮಾಡುವಷ್ಟು ಸಮಯ ಉಳಿಯುತ್ತದಾ ಅಂತ ಮೊದಲೇ ಪರೀಕ್ಷಿಸಿ.

ಎಸ್‌ಎಂಪಿಎಸ್: ಬ್ರ್ಯಾಂಡೆಡ್ ಯಂತ್ರದಲ್ಲಿ ಬೇಡ. ಅವುಗಳ ಆಕಾರ, ಕನೆಕ್ಟರ್ ಎರಡೂ ಸಾಮಾನ್ಯವಾಗಿ ಆಯಾ ಕಂಪನಿಯದ್ದೇ. ಅಂಗಡಿಯಲ್ಲಿ ಸಿಗುವ ಸಾದಾ ಎಟಿಎಕ್ಸ್ ಎಸ್‌ಎಂಪಿಎಸ್‌ನ 24 ಪಿನ್ ಪ್ಲಗ್ ಚುಚ್ಚಲು ಬೋರ್ಡಿನಲ್ಲಿ ಜಾಗವೇ ಇರುವುದಿಲ್ಲ. ಅಡಾಪ್ಟರ್ ವೈರ್ ಕಟ್ಟಿಕೊಡುತ್ತೇವೆ ಅನ್ನುವವರನ್ನು ನಂಬಿ ಹೊಸ ಯಂತ್ರ ಪಣಕ್ಕಿಡಬೇಡಿ. ಇನ್ನು ಎಸ್‌ಎಂಪಿಎಸ್ ಡಬ್ಬಿಯನ್ನೇ ಬಿಚ್ಚುವುದಂತೂ ಯಾವ ಕಾಲಕ್ಕೂ ಬೇಡ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಹೊಡೆಯುವಷ್ಟು ಕರೆಂಟ್ ಉಳಿದಿರುತ್ತದೆ.

ಪ್ರೊಸೆಸರ್: ಹೊಸ ಯಂತ್ರದಲ್ಲಿ ಪ್ರೊಸೆಸರ್ ಬದಲಿಸಬೇಕು ಅನ್ನಿಸಿದರೆ ತಪ್ಪು ಯಂತ್ರ ಕೊಂಡಿದ್ದೀರಿ. ಬದಲಿಸಿಕೊಡುವ ಅವಧಿ ಇನ್ನೂ ಇದ್ದರೆ ಅದನ್ನು ಬಳಸಿಕೊಳ್ಳಿ.

ಹಂತ 6: ವಾರಂಟಿಯ ಮಾತು ಬರಹದಲ್ಲಿ ಇರಲಿ

ಕ್ಯಾಬಿನೆಟ್ ತೆರೆದರೆ ವಾರಂಟಿ ಹೋಗಿಯೇ ಬಿಟ್ಟಿತು ಅಂತ ಹಲವರು ಹೆದರಿಸುತ್ತಾರೆ. ದೊಡ್ಡ ಬ್ರ್ಯಾಂಡ್‌ಗಳು ರ‍್ಯಾಮ್‌ ಬದಲಿಸುವ ವಿಧಾನವನ್ನು ತಾವೇ ಮ್ಯಾನ್ಯುಯಲ್‌ನಲ್ಲಿ ಕೊಟ್ಟಿರುವಾಗ ತೆರೆದ ಮಾತ್ರಕ್ಕೆ ವಾರಂಟಿ ಹೋಗುವುದು ಅಪರೂಪ. ನಿಮಗೆ ಸಿಗದೆ ಹೋಗುವುದು ಬೇರೆಯೇ. ನೀವು ತೆರೆದಾಗ ಆದ ಹಾನಿಗೆ ಕಂಪನಿ ಹೊಣೆಯಲ್ಲ. ನೀವು ಹಾಕಿದ ಬಿಡಿಭಾಗಕ್ಕೂ ಹೊಣೆಯಲ್ಲ. ಅದಕ್ಕೆ ಅದರದೇ ಬಿಲ್ಲು, ಅದರದೇ ವಾರಂಟಿ.

ಅಂಗಡಿಯಲ್ಲಿ ಜೋಡಿಸಿಕೊಟ್ಟ ಅಸೆಂಬಲ್ಡ್ ಯಂತ್ರದ ವಿಷಯ ಬೇರೆ. ಕ್ಯಾಬಿನೆಟ್‌ನ ಪಕ್ಕದ ತಗಡಿಗೆ ಅಂಗಡಿಯವರು ಸೀಲ್ ಸ್ಟಿಕ್ಕರ್ ಅಂಟಿಸಿರುತ್ತಾರೆ. ಅದು ಹರಿದರೆ ತಮ್ಮ ಜವಾಬ್ದಾರಿ ಇಲ್ಲ ಅನ್ನುತ್ತಾರೆ. ಅಲ್ಲಿ ಜಗಳಕ್ಕೆ ಹೋಗುವುದಕ್ಕಿಂತ ಕೊಳ್ಳುವಾಗಲೇ "ರ‍್ಯಾಮ್ ನಾನೇ ಹಾಕ್ಕೋಬಹುದಾ?" ಅಂತ ಕೇಳಿ, ಹೌದು ಅಂದರೆ ಬಿಲ್ಲಿನ ಮೇಲೆ ಒಂದು ಸಾಲು ಬರೆಸಿಕೊಳ್ಳಿ.

ಬ್ರ್ಯಾಂಡೆಡ್ ಯಂತ್ರವಾದರೆ ಕಂಪನಿಗೆ ಇಮೇಲ್ ಅಥವಾ ಚಾಟ್‌ನಲ್ಲಿ ಸೀರಿಯಲ್ ನಂಬರ್ ಕೊಟ್ಟು ಕೇಳಿ. ಫೋನಿನಲ್ಲಿ ಬೇಡ, ಬರಹದಲ್ಲೇ ಉತ್ತರ ಬರಲಿ. ಸುಮ್ಮನೆ ವಾರಂಟಿ ನಿರಾಕರಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಆಗ ಕೈಯಲ್ಲಿ ಆ ಬರಹ ಇದ್ದರೆ ಮಾತಿಗೆ ತೂಕ.

ಹಂತ 7: ನೀವೇನಾ, ಅಂಗಡಿಯವರಾ?

ಮ್ಯಾನ್ಯುಯಲ್ ಓದಿದಾಗ "ಇಷ್ಟೇನಾ" ಅನ್ನಿಸಿದರೆ ನೀವೇ ಮಾಡಿ. ಓದುತ್ತಾ ಎದೆ ಹೊಡೆದುಕೊಂಡರೆ ಅಂಗಡಿಗೆ ಕೊಡಿ, ಅದರಲ್ಲಿ ನಾಚಿಕೆ ಏನಿಲ್ಲ. ಆ ಯಂತ್ರದಿಂದಲೇ ಹೊಟ್ಟೆಪಾಡು ನಡೆಯುತ್ತಿದ್ದು, ನಾಳೆ ಬೆಳಿಗ್ಗೆ ಗಿರಾಕಿಗೆ ಆಲ್ಬಮ್ ಕೊಡಬೇಕಿದ್ದರೆ ಇವತ್ತು ರಾತ್ರಿ ಪ್ರಯೋಗ ಬೇಡ.

ಅಂಗಡಿಗೆ ಕೊಡುವುದಾದರೆ ಕಣ್ಣೆದುರೇ ಮಾಡಿಸಿ. ಬಿಟ್ಟು ಬರಲೇಬೇಕಾದರೆ ರ‍್ಯಾಮ್, ಎಸ್‌ಎಸ್‌ಡಿಗಳ ಸೀರಿಯಲ್ ನಂಬರ್ ಕಾಣುವ ಹಾಗೆ ಅವರ ಮುಂದೆಯೇ ಮೊಬೈಲ್‌ನಲ್ಲಿ ಫೋಟೊ ತೆಗೆಯಿರಿ. ಯಾರನ್ನೂ ಕಳ್ಳ ಅಂದ ಹಾಗಲ್ಲ. ಹತ್ತು ಯಂತ್ರ ಬಿಚ್ಚಿಟ್ಟ ಮೇಜಿನ ಮೇಲೆ ಒಂದರ ಸ್ಟಿಕ್ ಇನ್ನೊಂದಕ್ಕೆ ಹೋಗುವುದು ಸಹಜ. ಹೊಸ ಎಸ್‌ಎಸ್‌ಡಿ ಹಾಕಿಸಿದರೆ ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಪವರ್ ಆನ್ ಅವರ್ಸ್ ನೋಡಿ. ಹೊಸ ಡ್ರೈವ್‌ನಲ್ಲಿ ಅದು ಸೊನ್ನೆಯ ಹತ್ತಿರ ಇರಬೇಕು. ಸಾವಿರದ ಅಂಕಿ ಕಂಡರೆ ಅದು ಇನ್ನೊಬ್ಬರ ಮನೆಯಲ್ಲಿ ದುಡಿದು ಬಂದದ್ದು. ಜಿಎಸ್‌ಟಿ ಬಿಲ್ ಕೇಳಿ. ಬಿಲ್ ಇಲ್ಲದೆ ಸ್ವಲ್ಪ ಕಡಿಮೆಗೆ ಕೊಂಡ ರ‍್ಯಾಮ್ ಆರು ತಿಂಗಳಿಗೆ ಕೈಕೊಟ್ಟರೆ ಉಳಿಸಿದ್ದೆಲ್ಲ ಅಲ್ಲಿಗೇ ಹೋಯಿತು.

ಹಂತ 8: ಬಿಚ್ಚುವ ಮುಂಚೆ

ಮುಖ್ಯವಾದ ಫೈಲ್‌ಗಳನ್ನು ಬೇರೆ ಕಡೆ ನಕಲು ಮಾಡಿ. ಇದು ಎಲ್ಲರಿಗೂ ಗೊತ್ತು, ಯಾರೂ ಮಾಡುವುದಿಲ್ಲ.

ಎಲ್ಲರಿಗೂ ಗೊತ್ತಿಲ್ಲದ್ದು ಡ್ರೈವ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್. ಈಚಿನ ವಿಂಡೋಸ್ 11 ಯಂತ್ರಗಳಲ್ಲಿ ನೀವು ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಡ್ರೈವ್ ತಾನಾಗಿಯೇ ಎನ್‌ಕ್ರಿಪ್ಟ್ ಆಗಿರುವ ಸಾಧ್ಯತೆ ಜಾಸ್ತಿ. ಹೋಮ್ ಆವೃತ್ತಿಯಲ್ಲೂ ಹೀಗಾಗುತ್ತದೆ. ಬರೀ ರ‍್ಯಾಮ್ ಹಾಕಿದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಆದರೆ ಬಯಾಸ್ ಅಪ್‌ಡೇಟ್ ಮಾಡಿದರೆ ಅಥವಾ ಬೂಟ್ ಸೆಟ್ಟಿಂಗ್ ಮುಟ್ಟಿದರೆ ಯಂತ್ರ ಆನ್ ಆಗುವಾಗ ನೀಲಿ ಪರದೆ ಬಂದು 48 ಅಂಕಿಯ ರಿಕವರಿ ಕೀ ಕೇಳಬಹುದು. ಅದಿಲ್ಲದಿದ್ದರೆ ನಿಮ್ಮ ಫೈಲ್ ನಿಮಗೇ ಸಿಗದು. ಆ ಕೀ ನಿಮ್ಮ ಮೈಕ್ರೋಸಾಫ್ಟ್ ಖಾತೆಯ ಪುಟದಲ್ಲಿ ಇರುತ್ತದೆ. ಬಿಚ್ಚುವ ಮುಂಚೆಯೇ ಲಾಗಿನ್ ಆಗಿ, ಕಾಗದದ ಮೇಲೆ ಬರೆದಿಡಿ. ಮಗನೋ ಅಳಿಯನೋ ತನ್ನ ಖಾತೆ ಹಾಕಿ ಸೆಟಪ್ ಮಾಡಿಕೊಟ್ಟಿದ್ದರೆ ಕೀ ಅವರ ಖಾತೆಯಲ್ಲಿರುತ್ತದೆ, ಅವರಿಗೆ ಫೋನ್ ಮಾಡಿ.

ಹಂತ 9: ರ‍್ಯಾಮ್ ಹಾಕುವುದು

ಯಂತ್ರವನ್ನು ಶಟ್‌ಡೌನ್ ಮಾಡಿ. ಸ್ವಿಚ್ ಆಫ್ ಮಾಡಿ ಪವರ್ ಕೇಬಲ್ ಕಿತ್ತುಹಾಕಿ. ಆಮೇಲೆ ಪವರ್ ಬಟನ್ನನ್ನು ಐದಾರು ಸೆಕೆಂಡ್ ಒತ್ತಿ ಹಿಡಿಯಿರಿ, ಉಳಿದ ಕರೆಂಟ್ ಹೋಗಲಿ. ಕ್ಯಾಬಿನೆಟ್ಟನ್ನು ಮೇಜಿನ ಮೇಲೆ ಮಲಗಿಸಿ. ಸ್ಕ್ರೂಗಳನ್ನು ಒಂದು ಬಟ್ಟಲಿಗೆ ಹಾಕಿ.

ಚಳಿಗಾಲದಲ್ಲಿ ಸ್ವೆಟರ್ ತೆಗೆಯುವಾಗ ಚಟಪಟ ಅನ್ನುತ್ತದಲ್ಲ, ಆ ಸ್ಟ್ಯಾಟಿಕ್ ಕರೆಂಟೇ ಚಿಪ್‌ಗಳಿಗೆ ಶತ್ರು. ಒಣ ಹವೆಯ ಕಲಬುರಗಿ, ವಿಜಯಪುರದ ಕಡೆ ಡಿಸೆಂಬರ್‌ನಲ್ಲಿ ಇದು ಹೆಚ್ಚು, ಮಳೆಗಾಲದ ಮಂಗಳೂರಿನಲ್ಲಿ ಕಡಿಮೆ. ಹತ್ತಿ ಬಟ್ಟೆ ಹಾಕಿಕೊಳ್ಳಿ. ರ‍್ಯಾಮ್ ಮುಟ್ಟುವ ಮುಂಚೆ ಕ್ಯಾಬಿನೆಟ್‌ನ ಬಣ್ಣ ಹಚ್ಚಿರದ ಲೋಹದ ಭಾಗವನ್ನು ಮುಟ್ಟಿ. ಕೆಲಸದ ನಡುವೆ ಆಗಾಗ ಮುಟ್ಟುತ್ತಿರಿ.

ಪಕ್ಕದ ತಗಡು ತೆಗೆದ ಮೇಲೆ ಒಂದು ಫೋಟೊ ತೆಗೆದಿಡಿ. ಖಾಲಿ ಸ್ಲಾಟಿನ ತುದಿಯ ಕೊಕ್ಕೆಯನ್ನು ಹೊರಕ್ಕೆ ತೆರೆಯಿರಿ. ಕೆಲವು ಬೋರ್ಡ್‌ಗಳಲ್ಲಿ ಒಂದೇ ಕಡೆ ಕೊಕ್ಕೆ ಇರುತ್ತದೆ. ನಾಲ್ಕು ಸ್ಲಾಟ್ ಇರುವ ಬೋರ್ಡ್ ಆದರೆ ಯಾವುದಕ್ಕೆ ಹಾಕಬೇಕು ಅಂತ ಮ್ಯಾನ್ಯುಯಲ್ ನೋಡಿ, ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯದು ಮತ್ತು ನಾಲ್ಕನೆಯದು ಜೋಡಿ. ಸ್ಟಿಕ್ಕನ್ನು ಅಂಚಿನಲ್ಲಿ ಹಿಡಿಯಿರಿ, ಹಳದಿ ಪಿನ್ನು ಮುಟ್ಟಬೇಡಿ. ಕಚ್ಚು ಸ್ಲಾಟಿನ ದಿಣ್ಣೆಗೆ ಸರಿಹೊಂದಬೇಕು. ಸರಿಹೊಂದದಿದ್ದರೆ ಸ್ಟಿಕ್ಕನ್ನು ಆಚೀಚೆ ತಿರುಗಿಸಿ. ಈಗ ಎರಡೂ ತುದಿಗೆ ಹೆಬ್ಬೆರಳಿಟ್ಟು ನೇರವಾಗಿ ಒತ್ತಿ. ಟಕ್ ಅಂತ ಸದ್ದು ಬಂದು ಕೊಕ್ಕೆ ತಾನಾಗಿ ಮೇಲೇಳುತ್ತದೆ. ನೀವಂದುಕೊಂಡಿದ್ದಕ್ಕಿಂತ ಸ್ವಲ್ಪ ಹೆಚ್ಚು ಬಲವೇ ಬೇಕಾಗುತ್ತದೆ. ಬೋರ್ಡ್ ತುಸು ಬಾಗಿದಂತೆ ಕಂಡು ಹಲವರು ಅರ್ಧಕ್ಕೇ ನಿಲ್ಲಿಸುತ್ತಾರೆ. ಹೊಸ ರ‍್ಯಾಮ್ "ಕೆಟ್ಟಿದೆ" ಅಂತ ಅಂಗಡಿಗೆ ಮರಳಿ ಬರುವುದರಲ್ಲಿ ಇಂಥ ಅರ್ಧ ಕೂತವು ಬಹಳ.

ಎಸ್‌ಎಸ್‌ಡಿ ಆದರೆ ಸುಮಾರು 30 ಡಿಗ್ರಿ ಓರೆಯಾಗಿ ಸ್ಲಾಟಿಗೆ ತೂರಿಸಿ, ಆಮೇಲೆ ಕೆಳಗೆ ಒತ್ತಿ ತುದಿಗೆ ಸ್ಕ್ರೂ ಹಾಕಬೇಕು. ಅದರ ಪುಟ್ಟ ಸ್ಕ್ರೂ ಖಾಲಿ ಸ್ಲಾಟಿನ ಜೊತೆ ಇದೆಯಾ ಅಂತ ಡ್ರೈವ್ ಕೊಳ್ಳುವ ದಿನವೇ ನೋಡಿಕೊಳ್ಳಿ. ಇಲ್ಲದಿದ್ದರೆ ಅಂಗಡಿಯಲ್ಲೇ ಕೇಳಿ ತನ್ನಿ. ಉದ್ದವೂ ಮುಖ್ಯ. ಹೆಚ್ಚಿನವು 2280, ಅಂದರೆ 22 ಮಿಲಿಮೀಟರ್ ಅಗಲ, 80 ಉದ್ದ. ಕೆಲವು ಸಣ್ಣ ಯಂತ್ರಗಳಲ್ಲಿ 30 ಮಿಲಿಮೀಟರ್ ಉದ್ದದ್ದು ಮಾತ್ರ ಹಿಡಿಸುತ್ತದೆ.

ಹಂತ 10: ಆನ್ ಮಾಡಿದ ಮೇಲೆ

ಪರದೆ ಕಪ್ಪಾಗಿಯೇ ಇದ್ದರೆ ಗಾಬರಿಯಾಗಿ ಸ್ವಿಚ್ ಆಫ್ ಮಾಡಬೇಡಿ. ಡಿಡಿಆರ್5 ಯಂತ್ರಗಳು ಹೊಸ ಸ್ಟಿಕ್ ಕಂಡಾಗ ಮೊದಲ ಸಲ ಅದನ್ನು ಪರೀಕ್ಷಿಸಿ ಹೊಂದಿಸಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳುತ್ತವೆ. ಅಷ್ಟು ಹೊತ್ತು ಪರದೆಯ ಮೇಲೆ ಏನೂ ಬರುವುದಿಲ್ಲ. ಕಾಫಿ ಕುಡಿದು ಬನ್ನಿ. ಆಗಲೂ ಬರದಿದ್ದರೆ ಕೇಬಲ್ ಕಿತ್ತು ಸ್ಟಿಕ್ಕನ್ನು ತೆಗೆದು ಮತ್ತೆ ಗಟ್ಟಿಯಾಗಿ ಕೂರಿಸಿ. ಮತ್ತೂ ಆಗದಿದ್ದರೆ ಹಳೆಯದೊಂದನ್ನೇ ಹಾಕಿ ನೋಡಿ. ಅದು ನಡೆದರೆ ಹೊಸದರದ್ದೇ ತೊಂದರೆ. ಕೆಲವು ಯಂತ್ರಗಳು ಮೆಮೊರಿ ಬದಲಾಗಿದೆ ಅಥವಾ ಕವರ್ ತೆರೆಯಲಾಗಿದೆ ಅಂತ ಒಂದು ಸಂದೇಶ ತೋರಿಸುತ್ತವೆ. ಅದು ದೋಷವಲ್ಲ, ಮುಂದುವರಿಯಿರಿ.

ಟಾಸ್ಕ್ ಮ್ಯಾನೇಜರ್‌ನಲ್ಲಿ ಒಟ್ಟು ಜಿಬಿ, ವೇಗ, 2 ಆಫ್ 2 ಮೂರೂ ಸರಿ ಇವೆಯಾ ನೋಡಿ. ವಿಂಡೋಸ್ ಮೆಮೊರಿ ಡಯಾಗ್ನೊಸ್ಟಿಕ್ ಅಂತ ಸ್ಟಾರ್ಟ್ ಮೆನುವಿನಲ್ಲಿ ಹುಡುಕಿ, ಒಮ್ಮೆ ಓಡಿಸಿ. ರ‍್ಯಾಮ್ ದೋಷ ಎಷ್ಟೋ ಸಲ ಕೂಡಲೇ ಕಾಣುವುದಿಲ್ಲ, ವಾರ ಬಿಟ್ಟು ಇದ್ದಕ್ಕಿದ್ದಂತೆ ನೀಲಿ ಪರದೆಯಾಗಿ ಬರುತ್ತದೆ. ಎರಡನೇ ಎಸ್‌ಎಸ್‌ಡಿ ಹಾಕಿದ್ದರೆ ಅದು ದಿಸ್ ಪಿಸಿಯಲ್ಲಿ ತಾನಾಗಿ ಕಾಣುವುದಿಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು, ಜಿಪಿಟಿ (ಡಿಸ್ಕಿನ ವಿಭಾಗಗಳ ಪಟ್ಟಿ ಇಡುವ ಬಗೆ) ಆರಿಸಿ, ಹೊಸ ವಾಲ್ಯೂಮ್ (ಡ್ರೈವ್ ವಿಭಾಗ) ಮಾಡಬೇಕು. ಆಗ ಯಾವ ಡಿಸ್ಕ್ ಆರಿಸಿದ್ದೀರಿ ಅಂತ ಎರಡು ಸಲ ಓದಿ. ಅನ್‌ಅಲೊಕೇಟೆಡ್ ಅಂತ ಇರುವುದನ್ನೇ ಆರಿಸಿ.

ಯಂತ್ರದ ಜೊತೆ ಬಂದ ಭಾಗವನ್ನು ತೆಗೆದಿದ್ದರೆ ಮಾರಬೇಡಿ, ವಾರಂಟಿ ಮುಗಿಯುವವರೆಗಾದರೂ. ಹೊಸ ಸ್ಟಿಕ್ ಬಂದ ಪ್ಲಾಸ್ಟಿಕ್ ಪೊಟ್ಟಣದಲ್ಲೇ ಅದನ್ನು ಹಾಕಿ, ಬಿಲ್ಲಿನ ಜೊತೆ ಇಡಿ. ಕಂಪನಿಯ ಎಂಜಿನಿಯರ್ ರಿಪೇರಿಗೆ ಬರುವ ದಿನ ನಿಮ್ಮ ಸ್ಟಿಕ್, ನಿಮ್ಮ ಎಸ್‌ಎಸ್‌ಡಿ ತೆಗೆದಿಟ್ಟು ಮೂಲ ಭಾಗಗಳನ್ನೇ ಹಾಕಿ ತೋರಿಸಿ. ಯಂತ್ರವನ್ನೇ ಸರ್ವಿಸ್ ಸೆಂಟರ್‌ಗೆ ಒಯ್ಯುತ್ತೇವೆ ಅಂದರಂತೂ ಇದನ್ನು ಮರೆಯಬೇಡಿ. ಬದಲಿ ಯಂತ್ರ ಬಂದಾಗ ಕಂಪನಿಯವರು ಕೊಡುವುದು ಅವರ ಪಟ್ಟಿಯಲ್ಲಿರುವ ಭಾಗಗಳನ್ನು ಮಾತ್ರ.